ಅಮಾನತ್ತನ್ನು ಹರಾಜಿಗಿಟ್ಟವರು

2014ರ ಜುಲೈ 10ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಈಜಿಪ್ಟಿನ ಒಂದು ಕಲ್ಲಿನ ಪ್ರತಿಮೆ ಮಾರಾಟವಾಯಿತು. ಸುಣ್ಣದಕಲ್ಲಿನದು, ಎತ್ತರ ಸುಮಾರು 75 ಸೆಂಟಿಮೀಟರ್, ವಯಸ್ಸು 4,300 ವರ್ಷಕ್ಕೂ ಮೇಲೆ. ಕುಳಿತಿರುವವನ ಹೆಸರು ಸೆಖೆಮ್ಕಾ. ತೊಡೆಯ ಮೇಲೆ ಬಿಡಿಸಿಟ್ಟ ಸುರುಳಿ. ಕಾಲ ಬಳಿ ಅವನ ಹೆಂಡತಿ. 40ರಿಂದ 60 ಲಕ್ಷ ಪೌಂಡು ಬಂದೀತೆಂದು ಅಂದಾಜು ಮಾಡಲಾಗಿತ್ತು. ಬಂದದ್ದು ಒಂದು ಕೋಟಿ 57 ಲಕ್ಷ ಪೌಂಡಿಗೂ ಹೆಚ್ಚು. ಕೊಂಡವರ ಹೆಸರನ್ನು ಹೇಳಲಿಲ್ಲ.

ಹಳೆಯ ವಸ್ತುಗಳು ಹರಾಜಾಗುವುದು ಹೊಸತೇನಲ್ಲ. ಆದರೆ ಇಲ್ಲಿ ಮಾರಿದವರು ಯಾರು? ಕಳ್ಳಸಾಗಣೆದಾರರಲ್ಲ, ವ್ಯಾಪಾರಿಗಳೂ ಅಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣದ ನಗರಾಡಳಿತ! ಆ ಊರಿನ ಜಮೀನುದಾರ ಮನೆತನದ ಎರಡನೆಯ ಮಾರ್ಕ್ವಿಸ್ 1850ರ ಸುಮಾರಿಗೆ ಈಜಿಪ್ಟ್ ಪ್ರವಾಸ ಮಾಡಿ ಇದನ್ನು ತಂದಿದ್ದರು. ಮುಂದೆ ಅವರ ಮನೆತನ ಅದನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಸಾರ್ವಜನಿಕರ ಸ್ವತ್ತಾಗಿತ್ತು. ಸಂಗ್ರಹಾಲಯವನ್ನು ವಿಸ್ತರಿಸಲು ಹಣ ಬೇಕೆಂದು ನಗರಾಡಳಿತ ಅದನ್ನು ಮಾರಿತು. ದಾನ ಕೊಟ್ಟ ಮನೆತನದ ಆಗಿನ ವಾರಸುದಾರರಿಗೂ ಶೇಕಡಾ 45ರಷ್ಟು ಪಾಲು ಹೋಯಿತು. ಅಜ್ಜ ದಾನ ಕೊಟ್ಟದ್ದರಲ್ಲಿ ಮೊಮ್ಮಕ್ಕಳಿಗೆ ಪಾಲು!

ಇದು ಎಂಥ ಅನ್ಯಾಯವೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ವಕ್ಫ್ ಎಂದರೇನೆಂದು ನಮಗೆ ಗೊತ್ತು. ಸಮಾಜಕ್ಕೆಂದು ಬಿಟ್ಟದ್ದು ಮತ್ತೆ ಯಾರ ಖಾಸಗಿ ಸ್ವತ್ತೂ ಆಗುವುದಿಲ್ಲ. ಮುತವಲ್ಲಿ ಅದರ ಕಾವಲುಗಾರನೇ ಹೊರತು ಒಡೆಯನಲ್ಲ. ಮಸೀದಿಯ ಗೋಡೆ ಕಟ್ಟಿಸಲೆಂದು ಕಬರಸ್ತಾನದ ನೆಲವನ್ನೇ ಮಾರಿದ ಮುತವಲ್ಲಿಯನ್ನು ನಾವು ಏನೆಂದು ಕರೆಯುತ್ತೇವೆ? ಸೆಖೆಮ್ಕಾನ ಕಾಲದ ಈಜಿಪ್ಟಿನಲ್ಲೂ ಇಂಥದೇ ಒಂದು ಕಟ್ಟಳೆಯಿತ್ತು. ಉಳ್ಳವರು ತಮ್ಮ ಗೋರಿಯ ಸೇವೆ ನಡೆಯಲೆಂದು ಭೂಮಿ ಬಿಡುತ್ತಿದ್ದರು. ಸೇವೆಗೆ ನಿಂತವರು ಅದರ ಫಲವನ್ನು ಉಣ್ಣಬಹುದಿತ್ತು, ಭೂಮಿಯನ್ನು ಮಾರುವಂತಿರಲಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದಿನವರಿಗೆ ತಿಳಿದಿದ್ದ ಧರ್ಮ ಇಂದಿನ ನಗರಾಡಳಿತಕ್ಕೆ ತಿಳಿಯಲಿಲ್ಲ.

ನಮ್ಮಲ್ಲೇ ಕೆಲವರು ಕೇಳಬಹುದು: 'ಅದೊಂದು ಬುತ್. ಅದಕ್ಕಾಗಿ ಮುಸಲ್ಮಾನರು ಯಾಕೆ ತಲೆ ಕೆಡಿಸಿಕೊಳ್ಳಬೇಕು?' ಉರ್ದು ಶಾಲೆಯಲ್ಲಿ ಕಲಿತ ನಮಗೂ ಬಾಲ್ಯದಲ್ಲಿ ಮಿಸ್ರ್ ಎಂದರೆ ಹಜ್ರತ್ ಮೂಸಾ ಮತ್ತು ಫಿರ್‌ಔನ್ ಮಾತ್ರ. ಆದರೆ ಸೆಖೆಮ್ಕಾ ಫಿರ್‌ಔನ್ ಅಲ್ಲ. ಬರಹಗಾರರ ಮೇಲ್ವಿಚಾರಣೆ ಮಾಡುತ್ತಿದ್ದ ಒಬ್ಬ ಸರಕಾರಿ ನೌಕರ. ಇಂದು ಅವನನ್ನು ಪೂಜಿಸುವವರು ಯಾರೂ ಇಲ್ಲ. ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್ 13ನೇ ಶತಮಾನದ ಆರಂಭದಲ್ಲೇ ಈಜಿಪ್ಟಿನ ಪ್ರಾಚೀನ ಅವಶೇಷಗಳನ್ನು ಕಂಡು ಬೆರಗಾಗಿ ಬರೆದರು. ಅವನ್ನು ಕೆಡಿಸುವವರನ್ನು ಖಂಡಿಸಿದರು. ಸಲಾಹುದ್ದೀನ್ ಅಯ್ಯೂಬಿಯ ಮಗನೇ ಗೀಝಾದ ಮೂರನೆಯ ಪಿರಮಿಡ್ಡನ್ನು ಕೆಡವಿಸಲು ಹೊರಟು, ತಿಂಗಳುಗಟ್ಟಲೆ ಅಗೆಸಿ, ಸೋತು ಕೈಬಿಟ್ಟದ್ದೂ ಅದೇ ಕಾಲಕ್ಕೆ. ನಮ್ಮ ಇತಿಹಾಸದಲ್ಲಿ ಇಬ್ಬರೂ ಇದ್ದಾರೆ. ಯಾರ ವಾರಸುದಾರರಾಗಬೇಕೆಂದು ನಾವೇ ತೀರ್ಮಾನಿಸಬೇಕು.

ಈಜಿಪ್ಟಿನವರಿಗೆ ಈ ವಸ್ತುಗಳ ಬೆಲೆ ಗೊತ್ತಿರಲಿಲ್ಲ, ಯುರೋಪಿನವರು ಒಯ್ದದ್ದರಿಂದಲೇ ಅವು ಉಳಿದವು ಎಂಬುದು ಇನ್ನೊಂದು ವಾದ. 1835ರಲ್ಲೇ ಮುಹಮ್ಮದ್ ಅಲಿ ಪಾಶಾನ ಸರಕಾರ ಪ್ರಾಚೀನ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಬಾರದೆಂದು ಆಜ್ಞೆ ಹೊರಡಿಸಿತ್ತು. ಅವುಗಳನ್ನು ಒಪ್ಪಿಸಿದ್ದು ಯಾರ ಸುಪರ್ದಿಗೆ ಗೊತ್ತೇ? ಅಲ್ ಅಝ್ಹರ್‌ನಲ್ಲಿ ಕಲಿತ ಆಲಿಮ್ ರಿಫಾಆ ಅಲ್ ತಹ್ತಾವಿಯವರಿಗೆ. ಆಜ್ಞೆ ಸರಿಯಾಗಿ ಜಾರಿಯಾಗಲಿಲ್ಲ ಎಂಬುದು ನಿಜ. ಹಾಗೆ ಕೂಡಿಟ್ಟ ಸಂಗ್ರಹದಲ್ಲಿ ಉಳಿದದ್ದನ್ನು 1855ರಲ್ಲಿ ಈಜಿಪ್ಟಿನ ದೊರೆಯೇ ಆಸ್ಟ್ರಿಯಾದ ರಾಜಕುಮಾರನಿಗೆ ಉಡುಗೊರೆ ಕೊಟ್ಟದ್ದೂ ನಿಜ. ಆದರೆ ಮನೆಯ ಯಜಮಾನ ಬೇಜವಾಬ್ದಾರನಾದ ಮಾತ್ರಕ್ಕೆ ಮನೆಯ ಸಾಮಾನು ಅತಿಥಿಯ ಪಾಲಾಗುತ್ತದೆಯೆ? ಮಾರ್ಕ್ವಿಸ್ ಈಜಿಪ್ಟಿಗೆ ಹೋದದ್ದು ಈ ಆಜ್ಞೆಯಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ.

ಹರಾಜನ್ನು ಈಜಿಪ್ಟಿನ ರಾಯಭಾರಿ ಖಂಡಿಸಿದರು. ನಾರ್ಥಾಂಪ್ಟನ್ನಿನ ಜನರೂ ಬೀದಿಗಿಳಿದು ವಿರೋಧಿಸಿದರು. ಆ ಸಾಮಾನ್ಯ ಜನರಿಗೆ ನಮ್ಮ ಸಲಾಮ್. ಇಂಗ್ಲೆಂಡಿನ ಕಲಾ ಮಂಡಳಿ ಆ ಸಂಗ್ರಹಾಲಯದ ಮಾನ್ಯತೆಯನ್ನು ಐದು ವರ್ಷ ಕಾಲ ಕಿತ್ತುಕೊಂಡಿತು. ಅದು ಒಳ್ಳೆಯ ಪಾಠವೇ. ಆದರೆ ಪ್ರತಿಮೆ ಹಿಂದೆ ಬರಲಿಲ್ಲ. 2015ರಲ್ಲಿ ಬ್ರಿಟಿಷ್ ಸರಕಾರ ಅದನ್ನು ದೇಶದಿಂದ ಹೊರಗೆ ಒಯ್ಯದಂತೆ ತಾತ್ಕಾಲಿಕ ತಡೆ ಹಾಕಿತು. ಬ್ರಿಟನ್ನಿನಲ್ಲೇ ಯಾರಾದರೂ ಕೊಂಡುಕೊಳ್ಳಲಿ ಎಂಬುದು ಅದರ ಆಸೆ. ನೈಲ್ ನದಿಯ ದಂಡೆಯಿಂದ ಅದನ್ನು ಒಯ್ಯಬಾರದೆಂದ 1835ರ ಆಜ್ಞೆಗೆ ಬೆಲೆ ಸಿಗಲಿಲ್ಲ. ಥೇಮ್ಸ್ ದಂಡೆಯಿಂದ ಒಯ್ಯುವಾಗ ಮಾತ್ರ ಅದು 'ದೇಶದ ಸಂಪತ್ತು'! ಆ ತಡೆಯೂ ಕೊನೆಗೆ ಫಲ ಕೊಡಲಿಲ್ಲ.

ಇಟ್ಟುಕೊಳ್ಳಲು ಮನಸ್ಸಿಲ್ಲದವರು ಅದನ್ನು ಹುಟ್ಟಿದ ನೆಲಕ್ಕೆ ಹಿಂತಿರುಗಿಸಬೇಕಿತ್ತು. ಅದಾಗದಿದ್ದರೆ ಇನ್ನೊಂದು ಸಾರ್ವಜನಿಕ ಸಂಗ್ರಹಾಲಯಕ್ಕಾದರೂ ಒಪ್ಪಿಸಬೇಕಿತ್ತು. ಮಾರುವ ಹಕ್ಕು ಅವರಿಗೆ ಇರಲೇ ಇಲ್ಲ ಎಂಬುದೇ ನಮ್ಮ ವಾದ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಅಂಗಳವನ್ನೂ ನೋಡಿಕೊಳ್ಳಬೇಕು. ಹಿರಿಯರು ಅನಾಥರಿಗೆಂದು, ಮದರಸಾಕ್ಕೆಂದು ಬಿಟ್ಟ ಜಮೀನುಗಳು ಇಂದು ಯಾರ ಹೆಸರಿನಲ್ಲಿವೆ? ನಾರ್ಥಾಂಪ್ಟನ್ನಿನವರು ಮಾರಿದ್ದು ಹರಾಜು ಕೂಗಿ, ಎಲ್ಲರ ಕಣ್ಣೆದುರು. ನಮ್ಮ ಕೆಲವು ಮುತವಲ್ಲಿಗಳಿಗೆ ಅಷ್ಟು ಕೂಗೂ ಬೇಕಾಗಲಿಲ್ಲ.