ಸವಕಳಿ ಯಂತ್ರಕ್ಕೆ ಮಾತ್ರವೇ?

ಹೋದ ತಿಂಗಳು ರಾತ್ರಿ ಊಟಕ್ಕೆ ಕುಳಿತಾಗ ಆಪಾ ಎಡಗೈಯಿಂದ ರೊಟ್ಟಿ ಮುರಿದಳು. ನಮ್ಮ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅಮ್ಮಿ ಗದರಿದರು. ಆಪಾ ತಲೆ ಎತ್ತದೆ, "ಬಲಗೈ ಮೇಲೆ ಬರ್ತಿಲ್ಲ ಅಮ್ಮಿ" ಎಂದಳು.

ಆಪಾ ಭಾಲ್ಕಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನೀಶಿಯನ್. ದಿನಾ ಬೆಳಿಗ್ಗೆ ಬೀದರಿನಿಂದ ಬಸ್ಸು ಹಿಡಿದು ಹೋಗುತ್ತಾಳೆ. ನೋವು ಬಸ್ಸಿನ ಕಂಬಿ ಹಿಡಿದು ನಿಂತದ್ದರಿಂದ ಇರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು. ಒಂದು ರಜೆಯ ದಿನ ನಾನೂ ಜೊತೆಗೆ ಹೋದೆ. ಸಕ್ಕರೆ ಪರೀಕ್ಷೆಗೆ ಮೈಕ್ರೋಪಿಪೆಟ್‌ನಿಂದ 1000 ಮೈಕ್ರೋಲೀಟರ್ ರಾಸಾಯನಿಕ ಹಾಕಬೇಕು, ಅದಕ್ಕೆ 10 ಮೈಕ್ರೋಲೀಟರ್ ಸೀರಮ್ ಸೇರಿಸಬೇಕು. ಹತ್ತು ಮೈಕ್ರೋಲೀಟರ್ ಎಂದರೆ ಒಂದು ಹನಿಗಿಂತಲೂ ಕಡಿಮೆ. ಕೈ ನಡುಗಿದರೆ ರಿಪೋರ್ಟೇ ತಪ್ಪು. ಎಣಿಸುವುದು ನನ್ನ ಚಟ, ಎಣಿಸಿದೆ: ಒಂದು ಪರೀಕ್ಷೆಗೆ ಎಬ್ಬೆರಳು ಐದಾರು ಸಲ ಒತ್ತಬೇಕು. ಮೇಜು ಎತ್ತರ, ಸ್ಟೂಲು ಗಿಡ್ಡ. ಹಾಗಾಗಿ ಅಷ್ಟು ಹೊತ್ತೂ ಮೊಣಕೈ ಗಾಳಿಯಲ್ಲೇ ಇರುತ್ತದೆ.

ಮನುಷ್ಯನ ಒಂದು ತೋಳಿನ ತೂಕ ದೇಹದ ತೂಕದ ಸುಮಾರು ಶೇ. 5ರಷ್ಟು. ಆಪಾ 50 ಕಿಲೋ ಇದ್ದಾಳೆ, ಅಂದರೆ ಎರಡೂವರೆ ಕಿಲೋ. ಎರಡೂವರೆ ಕಿಲೋ ಅಕ್ಕಿಯ ಚೀಲವನ್ನು ಮುಂದಕ್ಕೆ ಚಾಚಿ ಹತ್ತು ನಿಮಿಷ ಹಿಡಿದು ನೋಡಿ. ಭುಜ ಅದನ್ನೇ ದಿನವಿಡೀ ಮಾಡುತ್ತಿದೆ.

1994ರಲ್ಲಿ ಸ್ವೀಡನ್ನಿನ ಸಂಶೋಧಕರು ಮಹಿಳಾ ಲ್ಯಾಬ್ ತಂತ್ರಜ್ಞರ ಮೇಲೆ ಮಾಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ವರ್ಷಕ್ಕೆ 300 ಗಂಟೆಗಿಂತ ಹೆಚ್ಚು ಪಿಪೆಟ್ ಹಿಡಿಯುವವರಲ್ಲಿ ಕೈ ಮತ್ತು ಭುಜದ ತೊಂದರೆಯ ಅಪಾಯ ಹೆಚ್ಚು ಎಂದು ಅವರು ಕಂಡರು. ವಾರಕ್ಕೆ ಆರು ದಿನದ ಕೆಲಸವಾದರೆ ಅದು ದಿನಕ್ಕೆ ಒಂದು ಗಂಟೆ. ಆಪಾ ಎರಡೂವರೆ ಗಂಟೆ ಹಿಡಿಯುತ್ತಾಳೆ.

ನನ್ನ ಸಹಪಾಠಿಯೊಬ್ಬನ ಅಣ್ಣ ಔರಾದ್ ಕಡೆ ಕ್ಷಯರೋಗದ ಕಫದ ಸ್ಲೈಡುಗಳನ್ನು ನೋಡುತ್ತಾರೆ. ನೆಗೆಟಿವ್ ಎಂದು ಬರೆಯುವ ಮೊದಲು ಒಂದು ಸ್ಲೈಡಿನಲ್ಲಿ ಕನಿಷ್ಠ 100 ಕಡೆ ನೋಡಬೇಕಂತೆ. ಮೈಕ್ರೋಸ್ಕೋಪಿನ ಗುಂಡಿ ತಿರುಗಿಸುವಾಗ ಮೇಜಿನ ಚೂಪು ಅಂಚು ಮುಂಗೈಗೆ ಒತ್ತುತ್ತದೆ. ಅವರು ಅಂಚಿಗೆ ಟವೆಲ್ ಸುತ್ತಿಕೊಂಡಿದ್ದಾರೆ.

ಈ ಉಪಾಯ ನಮ್ಮ ಊರಿಗೆ ಹೊಸದಲ್ಲ. ನನ್ನ ಮಾಮು ಬಿದರಿ ಕೆಲಸದವರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕುಳಿತ ಕೂಡಲೇ ಒಂದು ಮೊಣಕಾಲು ಎತ್ತಿ, ಅದರ ಮೇಲೆ ಹಳೆ ರಜಾಯಿಯ ತುಂಡು ಇಟ್ಟು, ಅದಕ್ಕೆ ಮೊಣಕೈ ಊರುತ್ತಾರೆ. ಆಮೇಲೆಯೇ ಸುತ್ತಿಗೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬೀದರಿನ ಕೈಚಳಕ ಎಂದು ಹೆಮ್ಮೆಪಟ್ಟವರು ನಾವು. ಆ ಕೈ ಯಾವುದರ ಮೇಲೆ ಊರಿರುತ್ತದೆ ಎಂದು ನಾನಂತೂ ನೋಡಿರಲಿಲ್ಲ. ಮಾಮುಗೂ ನೋವು ಇಲ್ಲವೆಂದಲ್ಲ. ಆದರೆ ಅವರ ಮೊಣಕಾಲು ಅವರದು, ರಜಾಯಿ ಅವರದು. ಆಪಾ ಕೂರುವುದು ಬೇರೆಯವರ ಮೇಜಿಗೆ.

ಲ್ಯಾಬುಗಳಿಗಾಗಿಯೇ ಮಾಡಿದ ತೋಳಾಸರೆಗಳು ಇವೆ. ಮೇಜಿನ ಅಂಚಿಗೆ ಬಿಗಿಯುವ ಮೆತ್ತನೆಯ ಹಲಗೆ, ಎತ್ತರ ಬದಲಿಸಬಹುದಾದ ಕೈಪಟ್ಟಿ. ಬಟ್ಟೆಯದು ಬೇಡ, ರಕ್ತ ಬಿದ್ದರೆ ಒರೆಸಲು ಬರುವ ರೆಕ್ಸಿನ್ ಬೇಕು. ಎತ್ತರ ತಪ್ಪಿದರೆ ಭುಜ ಕಿವಿಯತ್ತ ಏರಿ ನೋವು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಸ್ಟೂಲು ಏರಿಸಬೇಕು, ನಡುನಡುವೆ ಕೈ ಇಳಿಸಲು ಬಿಡಬೇಕು, ಕೆಲಸ ಬದಲಿಸಿ ಹಂಚಬೇಕು.

ಆಪಾ ಮಾಲೀಕರನ್ನು ಕೇಳಿದಳು. "ಖರ್ಚು ಈಗ ಬೇಡಮ್ಮಾ" ಎಂದರಂತೆ. ನಮ್ಮ ಲೆಕ್ಕಶಾಸ್ತ್ರದ ತರಗತಿಯಲ್ಲಿ ಮೊನ್ನೆಯಷ್ಟೇ ಸವಕಳಿ ಮುಗಿಯಿತು. ಆ ಲ್ಯಾಬಿನ ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತಾರೆ, ರಿಪೇರಿಗೆ ವಾರ್ಷಿಕ ಒಪ್ಪಂದವೂ ಇದೆ. ಯಂತ್ರಕ್ಕೆ ಸೀರಮ್ ತುಂಬಿಸುವ ಕೈಯ ನೋವಿನ ಗುಳಿಗೆ ಮಾತ್ರ ನಮ್ಮ ಮನೆಯ ಖರ್ಚು. ಇದು ಉಳಿತಾಯವಲ್ಲ, ಖರ್ಚನ್ನು ಬಡವರ ಖಾತೆಗೆ ವರ್ಗಾಯಿಸಿದ್ದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆ ಕೈಯೇ ಏಳದಿದ್ದರೆ?

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಎಷ್ಟೋ ಹುಡುಗಿಯರು ಪಿಯುಸಿ ನಂತರ ಲ್ಯಾಬ್ ಟೆಕ್ನೀಶಿಯನ್ ಕೋರ್ಸಿಗೇ ಹೋಗುವವರು. ಕೂರುವ ರೀತಿ ಅವರಿಗೆ ಇಲ್ಲಿಂದಲೇ ಅಭ್ಯಾಸವಾಗುತ್ತದೆ. ನಮ್ಮ ಲ್ಯಾಬಿನ ಸ್ಟೂಲುಗಳೂ ಎಲ್ಲ ಒಂದೇ ಎತ್ತರ, ಹುಡುಗಿ ಎತ್ತರವಿರಲಿ ಗಿಡ್ಡವಿರಲಿ. ಮುಂದಿನ ವರ್ಷದ ಲ್ಯಾಬ್ ಸಾಮಾನಿನ ಪಟ್ಟಿ ಈ ತಿಂಗಳು ತಯಾರಾಗುತ್ತದಂತೆ. ಅದರಲ್ಲಿ ಎತ್ತರ ಬದಲಿಸಬಹುದಾದ ಹತ್ತು ಸ್ಟೂಲು, ಮೇಜಿನ ಅಂಚಿಗೆ ರೆಕ್ಸಿನ್ ಪಟ್ಟಿ ಸೇರಿಸಬೇಕೆಂದು ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ವಿನಂತಿ. ಕಾಮರ್ಸ್‌ನವರಿಗೇಕೆ ಇದೆಲ್ಲ ಎಂದು ಯಾರಾದರೂ ಕೇಳಿದರೆ, ಬಿಲ್ಲು ನಾನೇ ಬರೆದುಕೊಡುತ್ತೇನೆ.