ಬೇಸರ ಒಂದೇ, ಯೋಚನೆ ಬೇರೆ

ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಹಿಂದಿನ ವರ್ಷ ಖಿನ್ನತೆಯಿಂದ ನರಳಿ, ಚಿಕಿತ್ಸೆ ಪಡೆದು ಗುಣಮುಖಳಾಗಿದ್ದಾಳೆ. ಈಗ ದಿನವೂ ಬಸ್ಸಿನಲ್ಲಿ ಹುನಗುಂದದ ಕಾಲೇಜಿಗೆ ಹೋಗುತ್ತಾಳೆ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವು. ಗೆಳತಿಗೂ ಅಷ್ಟೇ ಅಂಕ. 'ಮುಂದಿನ ಸಲ ನೋಡೂಣು' ಎಂದು ಗೆಳತಿ ಸುಮ್ಮನಾದಳು. ಈಕೆಗೆ ಮಾತ್ರ 'ನನ್ನಿಂದ ಏನೂ ಆಗೂದಿಲ್ಲ, ಮನೆಯವರಿಗೆ ಭಾರ ಆಗೇನಿ' ಎಂಬ ಹಳೆಯ ಯೋಚನೆಗಳೇ ಮರಳಿದವು. ಏಕೆ ಹೀಗೆ?

ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಟೀಸ್‌ಡೇಲ್ 1980ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಖಿನ್ನತೆಯ ದಿನಗಳಲ್ಲಿ ದುಃಖವೂ ತನ್ನನ್ನು ತಾನೇ ಹಳಿದುಕೊಳ್ಳುವ ಯೋಚನೆಯೂ ಮತ್ತೆಮತ್ತೆ ಜೊತೆಯಾಗಿ ಬರುತ್ತವೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದಂತೆ ಅವೆರಡೂ ಬೆಸೆದುಕೊಳ್ಳುತ್ತವೆ. ಕಾಯಿಲೆ ವಾಸಿಯಾದರೂ ಕೊಂಡಿ ಉಳಿದಿರಬಹುದು. ಆಗ ಸಣ್ಣ ಬೇಸರವೂ ಹಳೆಯ ಯೋಚನೆಯನ್ನು ಎಳೆದು ತರುತ್ತದೆ.

ಕೆನಡಾದ ಝಿಂಡೆಲ್ ಸೀಗಲ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣವಾದವರಿಗೆ ದುಃಖದ ಸಂಗೀತ ಕೇಳಿಸಿ, ನೋವಿನ ನೆನಪು ಮಾಡಿಕೊಳ್ಳಲು ಹೇಳಿದರು. ಆ ಕ್ಷಣದ ಬೇಸರದಲ್ಲಿ ಯಾರ ಯೋಚನೆ ಹೆಚ್ಚು ಕೆಟ್ಟ ಕಡೆಗೆ ತಿರುಗಿತೋ, ಅವರಲ್ಲಿ ಮುಂದಿನ 18 ತಿಂಗಳಲ್ಲಿ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚಾಗಿತ್ತು.

ಕೊಂಡಿಯನ್ನು ಸಡಿಲಿಸಲು ಬರುತ್ತದೆ. 'ಇದು ಬೇಸರ ಆಡಿಸುವ ಮಾತು, ಸತ್ಯವಲ್ಲ' ಎಂದು ಯೋಚನೆಯನ್ನು ದೂರದಿಂದ ನೋಡುವ ಎಂಟು ವಾರಗಳ ತರಬೇತಿಯೊಂದಿದೆ. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ತುತ್ತಾಗಿದ್ದವರ ಪೈಕಿ, ಸಾಮಾನ್ಯ ಆರೈಕೆಯಲ್ಲಿದ್ದ ಶೇ 66 ಮಂದಿಗೆ ಕಾಯಿಲೆ ಮರುಕಳಿಸಿದರೆ, ಈ ತರಬೇತಿಯನ್ನೂ ಪಡೆದವರಲ್ಲಿ ಅದು ಶೇ 37 ಇತ್ತೆಂದು 2000ದ ಅಧ್ಯಯನ ತೋರಿಸಿತು.

ಪಾಲಕರ ಪಾತ್ರ ದೊಡ್ಡದು. ಮಗಳ ಮುಖ ಬಾಡಿದೊಡನೆ 'ಮತ್ತ ಶುರುವಾತೇನು?' ಎಂದರೆ ಅವಳ ಭಯ ಇಮ್ಮಡಿಯಾಗುತ್ತದೆ. 'ಇವತ್ತ ಬ್ಯಾಸರಾಗೇತಿ ಅಷ್ಟ, ತಂಗಿ. ಉಂಡು ಮಲಕೋ, ನಾಳೆ ಮಾತಾಡೂಣು' ಎಂದರೆ ಬೇಸರ ಬೇಸರವಾಗಿಯೇ ಉಳಿದು, ತೀರ್ಪಾಗುವುದಿಲ್ಲ. ಓದು ಬಿಡುವಂಥ ದೊಡ್ಡ ನಿರ್ಧಾರಗಳನ್ನು ಅಂಥ ದಿನ ಮಾಡಬಾರದು.

ಆದರೆ ಅಲಕ್ಷ್ಯವೂ ಸಲ್ಲದು. ಬಾದಾಮಿಯ ಹುಡುಗನೊಬ್ಬ ಬನಶಂಕರಿ ಜಾತ್ರೆಗೆ ಒಂದು ದಿನ ಒಲ್ಲೆನೆಂದರೆ ಚಿಂತೆಯಿಲ್ಲ. ಎರಡು ವಾರ ನಿದ್ದೆ, ಊಟ, ಆಟ, ಓದು ಯಾವುದೂ ಬೇಡವೆಂದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಅಂದೇ ಕಾಣಬೇಕು, ಒಬ್ಬರನ್ನೇ ಬಿಡಬಾರದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಕನ್ನಡದಲ್ಲಿಯೇ ಮಾತನಾಡಬಹುದು.