ಸ್ಫೂರ್ತಿ ಅಂದ ಮಾತ್ರಕ್ಕೆ ಕಳವು ಮಾಫಿ ಆಗಲ್ಲ

ಲೆಡ್ ಜೆಪ್ಲಿನ್ ಅಂದ್ರೆ ನಮ್ಮ ಕೆಲವು ಪ್ರಗತಿಪರ ಗೆಳೆಯರು ಕಣ್ಣುಮುಚ್ಚಿ ತಲೆದೂಗ್ತಾರೆ. ದೂಗಲಿ, ತಕರಾರಿಲ್ಲ. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಯಾಂಡು. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ ನಿಂತುಹೋಯ್ತು. ಅಷ್ಟರಲ್ಲಿ ರಾಕ್ ಸಂಗೀತದ ಸದ್ದನ್ನೇ ಬದಲಿಸಿತ್ತು. ಜಿಮ್ಮಿ ಪೇಜ್ ಗಿಟಾರನ್ನಾಗಲಿ, ರಾಬರ್ಟ್ ಪ್ಲಾಂಟ್ ಗಂಟಲನ್ನಾಗಲಿ ನಾನು ಅಲ್ಲಗಳೀತಿಲ್ಲ. ನನ್ನ ಪ್ರಶ್ನೆ ಒಂದೇ: ಆ ಹಾಡುಗಳ ಪಹಣಿಯಲ್ಲಿ ಯಾರ ಹೆಸರಿತ್ತು?

1969ರ ಎರಡನೇ ಆಲ್ಬಮ್ ತಗೊಳ್ಳಿ. ಮೊದಲ ಹಾಡು 'ಹೋಲ್ ಲಾಟಾ ಲವ್'. ರಚನೆ ಅಂತ ಅಚ್ಚಾಗಿದ್ದು ಬ್ಯಾಂಡಿನವರ ಹೆಸರು. ಆದರೆ ಅದರ ಸಾಹಿತ್ಯದ ಬೇರು ಇರೋದು ವಿಲ್ಲಿ ಡಿಕ್ಸನ್ ಬರೆದು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ 'ಯು ನೀಡ್ ಲವ್'ನಲ್ಲಿ. ಅದೇ ಆಲ್ಬಮ್ಮಿನ 'ದಿ ಲೆಮನ್ ಸಾಂಗ್' ನಿಂತಿರೋದು ಹೌಲಿನ್ ವುಲ್ಫ್ ಅವರ 'ಕಿಲ್ಲಿಂಗ್ ಫ್ಲೋರ್' ಮೇಲೆ. ಕೊನೆಯ ಹಾಡು 'ಬ್ರಿಂಗ್ ಇಟ್ ಆನ್ ಹೋಮ್' ಶುರುವಾಗೋದೂ ಮುಗಿಯೋದೂ ಡಿಕ್ಸನ್ ಹಾಡಿನಿಂದಲೇ.

ಯಾರೀ ಡಿಕ್ಸನ್? 1915ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಶಿಕಾಗೋದ ಚೆಸ್ ರೆಕಾರ್ಡ್ಸ್‌ಗೆ ಹಾಡು ಬರೆದು, ಬೇಸ್ ನುಡಿಸಿ, ಆ ಊರಿನ ಬ್ಲೂಸ್ ಕಟ್ಟಿದವರು. ಹೋಲಿಕೆಯನ್ನ ಹಿಡಿದದ್ದು ಅವರ ಮಗಳು. 1985ರಲ್ಲಿ ಕೇಸು ಹಾಕಿದ್ರು, 1987ರಲ್ಲಿ ರಾಜಿಯಾಯ್ತು, ಆಮೇಲೆ ಡಿಕ್ಸನ್ ಹೆಸರು ಸೇರಿತು. ಅಂದ್ರೆ 18 ವರ್ಷ! ಇನ್ನೈದು ವರ್ಷಕ್ಕೆ, 1992ರಲ್ಲಿ, ಅವರು ಹೋಗಿಬಿಟ್ರು.

"ಬ್ಲೂಸ್‌ನಲ್ಲಿ ಎಲ್ಲರೂ ಎಲ್ಲರಿಂದ ತಗೊಳ್ತಿದ್ರು" ಅಂತ ವಾದ ಮಾಡೋರಿದ್ದಾರೆ. ನಿಜ, ಕೇರಿಯೊಳಗೆ ಹಾಡು ಬಾಯಿಂದ ಬಾಯಿಗೆ ಹೋಗುತ್ತೆ. ಆದರೆ ಅದೇ ಹಾಡನ್ನ ಒಬ್ಬ ತನ್ನ ಹೆಸರಿಗೆ ಖಾತೆ ಮಾಡಿಸ್ಕೊಂಡು ರಾಯಲ್ಟಿ ಎಣಿಸಿದ್ರೆ ಅದು ಹಂಚಿಕೆ ಹೇಗಾಗುತ್ತೆ? ಗೊತ್ತಿರಲಿಲ್ಲ ಅನ್ನೋಕೂ ಆಗಲ್ಲ. ಅದೇ ವರ್ಷದ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಎರಡು ಹಾಡಿಗೆ ಇದೇ ಡಿಕ್ಸನ್ ಹೆಸರನ್ನ ಅವರೇ ಹಾಕಿದ್ದರು!

1971ರ 'ವೆನ್ ದಿ ಲೆವೀ ಬ್ರೇಕ್ಸ್' ನೋಡಿ. ಮೂಲ ಹಾಡು ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಅವರದ್ದು, 1929ರದ್ದು. ಅದರ ಹಿಂದಿರೋದು 1927ರ ಮಿಸಿಸಿಪ್ಪಿ ಪ್ರವಾಹ. ಆಗ ಕಪ್ಪು ಗೇಣಿದಾರರನ್ನ ಬಂದೂಕಿನ ಕಾವಲಲ್ಲಿ ಏರಿಯ ಮೇಲೆ ದುಡಿಸಿದ್ರು. ಜೆಪ್ಲಿನ್ ಇಲ್ಲಿ ಮಿನ್ನಿ ಹೆಸರು ಹಾಕಿತು, ಒಪ್ಪೋಣ. ಮೂಲದಲ್ಲಿ ಹಾಡಿದ ಜೋ ಹೆಸರು ಮಾತ್ರ ಬಿಟ್ಟುಹೋಯ್ತು. ಮಿನ್ನಿ 1973ರಲ್ಲಿ ಬಡತನದಲ್ಲೇ ತೀರಿಕೊಂಡ್ರು. 1996ರವರೆಗೆ ಆ ತಾಯಿಯ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, 1995ರಲ್ಲಿ, ಜೆಪ್ಲಿನ್ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿಯಾಗಿತ್ತು.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಅಲ್ಲಿನ ಕಪ್ಪು ಜನರ ಹೋರಾಟಕ್ಕೂ ನಮ್ಮ ಹೋರಾಟಕ್ಕೂ ನಂಟಿದೆ ಅಂತ ಬಾಬಾಸಾಹೇಬರು 1946ರಲ್ಲೇ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನಮ್ಮ ಕೇರಿಯವರ ಕೈಯಲ್ಲಿದ್ದಾಗ ತಮಟೆ ಮೈಲಿಗೆ. ಅದೇ ಪೆಟ್ಟು ಫ್ಯೂಷನ್ ವೇದಿಕೆ ಹತ್ತಿದ್ರೆ 'ನಾಡಿನ ಜಾನಪದ ಪರಂಪರೆ'. ಕಲಿಸಿದವನ ಹೆಸರು? 'ಸಾಂಪ್ರದಾಯಿಕ' ಅಂತ ಬರೆದು ಕೈತೊಳ್ಕೊಳ್ತಾರೆ.

ಡಿಕ್ಸನ್ ಅಳ್ತಾ ಕೂರಲಿಲ್ಲ. ಬ್ಲೂಸ್ ಹೆವನ್ ಅನ್ನೋ ಪ್ರತಿಷ್ಠಾನ ಕಟ್ಟಿ, ತಮ್ಮಂಥ ಕಲಾವಿದರ ಹಕ್ಕಿಗೆ ಬೆನ್ನಾದರು. ಇವತ್ತು ಅದು ಇರೋದು ಹಳೇ ಚೆಸ್ ರೆಕಾರ್ಡ್ಸ್ ಕಟ್ಟಡದಲ್ಲೇ, ದುಡಿಸಿಕೊಂಡ ಮನೆಯಲ್ಲೇ!

ಜೆಪ್ಲಿನ್ ಕೇಳಿ, ಬೇಡ ಅನ್ನಲ್ಲ. ಮುಂದಿನ ಸಲ ಹಾಡು ಶೇರ್ ಮಾಡುವಾಗ ಡಿಕ್ಸನ್, ವುಲ್ಫ್, ಮಿನ್ನಿ, ಜೋ ಹೆಸರನ್ನೂ ಬರೀರಿ. ನಮ್ಮೂರ ತಮಟೆಯವರನ್ನ ವೇದಿಕೆಗೆ ಕರೆದಾಗ ಪೋಸ್ಟರಿನಲ್ಲಿ ಅವರ ಹೆಸರು ಹಾಕಿ, ಸಂಭಾವನೆ ಅವತ್ತೇ ಕೈಗೆ ಕೊಡಿ. ಶಾಲು ಹೊದಿಸಿ ಕಳಿಸಿದ್ದು ಸಾಕು.

ಜೈ ಭೀಮ್.